ಮೂವರ ಅಳತೆ

ಚೋ ಕುರ್ಚಿ ಎಳೆದರು. ಕೂರದೆಯೇ ಮತ್ತೆ ಒಳಕ್ಕೆ ತಳ್ಳಿದರು.

“ಸಾರಿ, ಮಿಸ್ಟರ್ ದ್ವಾರಕ. ತನಾಬೆ ಇರೋ ಟೇಬಲ್‌ನಲ್ಲಿ ಇನ್ನು ನನಗೆ ಕೂರೋಕಾಗಲ್ಲ. ನ್ಯೂಸ್ ನೋಡಿದ್ರಲ್ಲ?”

ದ್ವಾರಕನಾಥರು ನೋಡಿದ್ದರು. 2019ರ ಆ ಜುಲೈನಲ್ಲಿ ಯಾರು ನೋಡಿರಲಿಲ್ಲ? ಚಿಪ್ ತಯಾರಿಕೆಗೆ ಬೇಕಾದ ರಾಸಾಯನಿಕಗಳು ಕೊರಿಯಾಕ್ಕೆ ಸಲೀಸಾಗಿ ಹೋಗದಂತೆ ಜಪಾನ್ ಬಿಗಿ ಮಾಡಿತ್ತು. ಜಪಾನಿನ ಬಟ್ಟೆ ಬೇಡ, ಕಾರು ಬೇಡ, ಪ್ರವಾಸವೂ ಬೇಡ ಎಂದು ಕೊರಿಯಾದ ಜನ ಬೀದಿಗಿಳಿದಿದ್ದರು. ಅಕ್ಕಪಕ್ಕದ ದೇಶಗಳು, ಒಂದೇ ಬಣದ ಮಿತ್ರರು, ಈಗ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಆದರೆ ಆ ಜಗಳ ಸಮುದ್ರ ದಾಟಿ ಮೂರನೆಯದೇ ದೇಶದ ಟುವಾಸ್ ಬಂದರಿನ ಗೋದಾಮಿನ ಕ್ಯಾಂಟೀನಿಗೆ ಬಂದು, ತಮ್ಮ ಊಟದ ಟೇಬಲ್ಲನ್ನೇ ಹುಡುಕಿಕೊಂಡೀತೆಂದು ದ್ವಾರಕನಾಥರು ಕನಸಿನಲ್ಲೂ ಎಣಿಸಿರಲಿಲ್ಲ.

ಸ್ವಲ್ಪ ಹೊತ್ತಿಗೆ ತನಾಬೆ ಬಂದರು. ವಿಷಯ ಕೇಳಿ ತಲೆ ತಗ್ಗಿಸಿದರು. ಮೂವರ ಕಂಪನಿಗಳದ್ದೂ ಒಂದೇ ಕಟ್ಟಡ. ಚೋ ಕೊರಿಯಾದ ಹಡಗು ಕಂಪನಿಯವರು, ತನಾಬೆ ಜಪಾನಿನ ಬಣ್ಣದ ಕಂಪನಿಯವರು, ದ್ವಾರಕನಾಥರು ಗೋದಾಮಿನ ಮ್ಯಾನೇಜರು.

“ಇಂಥದ್ದು ಬೇಗ ಮುಗಿಯಲ್ಲ, ದ್ವಾರಕಾ-ಸಾನ್,” ಎಂದರು ತನಾಬೆ. “ವರ್ಷಗಟ್ಟಲೆ ಹಿಡಿಯುತ್ತೆ.” ಎಂದಿಗಿಂತ ಹೆಚ್ಚು ಬಾಗಿ ವಂದಿಸಿ ಹೊರಟೇಹೋದರು.

ಡಬ್ಬಿಯಲ್ಲಿ ಮೂವರಿಗಾಗುವಷ್ಟು ಪುಳಿಯೋಗರೆ ಹಾಗೇ ಉಳಿಯಿತು.

ದ್ವಾರಕನಾಥರ ಕೈಗೆ ಕೂತಿದ್ದದ್ದು ಅದೊಂದೇ ಅಳತೆ, ಮೂವರದ್ದು. ಹೆಂಡತಿ ಸುನಂದಾ, ಮಗಳು ತನಿಷಾ, ತಾವು. ಸುನಂದಾ ತೀರಿಕೊಂಡರು. ಮಗಳು ಕೆಲಸ ಸಿಕ್ಕಿ ಒನ್-ನಾರ್ತ್ ಬಡಾವಣೆ ಹತ್ತಿರ ಗೆಳತಿಯರ ಜೊತೆ ಶಿಫ್ಟ್ ಆದಳು. ತಾವೊಬ್ಬರೇ ಉಳಿದ ಬುಕಿತ್ ಪಂಜಾಂಗಿನ ಮನೆಯಲ್ಲಿ ಕುಕ್ಕರ್ ಮಾತ್ರ ಮೂವರಿಗೇ ಕೂಗುತ್ತಿತ್ತು. ಒಬ್ಬರಿಗೆಂದು ಅಕ್ಕಿ ಅಳೆಯಲು ಹೋದಾಗೆಲ್ಲ ಇನ್ನೆರಡು ಹಿಡಿ ಸುರಿದುಬಿಡುತ್ತಿದ್ದರು. ಹೆಚ್ಚಾದದ್ದನ್ನು ಒಂದು ದಿನ ಕ್ಯಾಂಟೀನಿಗೆ ಹೊತ್ತು ತಂದು ಎದುರು ಕೂತಿದ್ದ ಅಪರಿಚಿತರಿಬ್ಬರಿಗೆ ಬಡಿಸಿದ್ದರು. ಸ್ನೇಹ ಅಲ್ಲಿಂದ ಶುರುವಾಯಿತು.

ಮತ್ತೆ ಎಂಥ ಸ್ನೇಹ! ಮೊದಲ ದಿನ ಚೋ ತಮ್ಮ ಡಬ್ಬಿಯ ಒಣಮೀನು ತೆರೆದಾಗ ದ್ವಾರಕನಾಥರು ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿದ್ದರು. ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಮಾರನೆಯ ದಿನದಿಂದ ಆ ಡಬ್ಬಿ ಬರಲೇ ಇಲ್ಲ. ದ್ವಾರಕನಾಥರು ಬಡಿಸಿದ್ದನ್ನು, ತಟ್ಟೆಯಲ್ಲಿ ಬಿಟ್ಟರೆ ಮರ್ಯಾದೆಯಲ್ಲವೆಂಬಂತೆ, ಇಬ್ಬರೂ ಒಂದು ಅಗುಳೂ ಬಿಡದೆ ಉಣ್ಣುತ್ತಿದ್ದರು. ಬರಿದಾದ ತಟ್ಟೆ ನೋಡಿಕೊಂಡು ಸುಮ್ಮನಿರುವ ಜಾತಿ ದ್ವಾರಕನಾಥರದಲ್ಲ. ಬೇಡ ಬೇಡ ಎಂದು ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲೇ ಬಡಿಸುವ ಮನೆತನ. ಅವರು ಮತ್ತೆ ಬಡಿಸುತ್ತಿದ್ದರು, ಇವರು ಮತ್ತೆ ಬರಿದು ಮಾಡುತ್ತಿದ್ದರು. “ಸುನಂದಾ ಇದ್ದಾಗಲೂ ನನ್ನ ಅಡುಗೆಗೆ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ,” ಎಂದು ಮಗಳ ಬಳಿ ಜಂಬ ಕೊಚ್ಚಿಕೊಂಡಿದ್ದರು.

ಈಗ ಆ ಮಗಳೇ ಫೋನಿನಲ್ಲಿ, ಮಾತಿಗೆ ಆ ಊರಿನವರ ‘ಲಾ’ ಸೇರಿಸಿ, ರೇಗಿದಳು. “ಅಪ್ಪಾ, ಅದು ಅವರ ಫೈಟ್ ಲಾ. ನೀನ್ಯಾಕೆ ಮಧ್ಯ ಹೋಗ್ತೀಯ? ಆರಾಮಾಗಿ ಒಬ್ನೇ ಊಟ ಮಾಡು.”

“ಒಬ್ನೇ ಮಾಡೋದು ಮನೇಲಿ ಇದ್ದೇ ಇದೆಯಲ್ಲಮ್ಮ,” ಎಂದರು ದ್ವಾರಕನಾಥರು.

ಅವರು ರಾಯಭಾರಕ್ಕೆ ನಿಂತರು. ಡಬ್ಬಿ ಹಿಡಿದು ತನಾಬೆಯ ಆಫೀಸಿಗೇ ಹೋದರು. “ಬೇಡ. ನಾನೊಬ್ಬನೇ ತಿಂದೆ ಅಂತ ಗೊತ್ತಾದ್ರೆ ಚೋ ನೊಂದ್ಕೋತಾರೆ,” ಎಂದರು ತನಾಬೆ. ಚೋ ಬಳಿ ಹೋದರು. “ನಾನೊಬ್ಬನೇ ತಿಂದೆ ಅಂತ ಗೊತ್ತಾದ್ರೆ ತನಾಬೆ ನೊಂದ್ಕೋತಾರೆ,” ಎಂದರು ಚೋ. ಎಂಥ ಮನುಷ್ಯರಪ್ಪಾ! ಜಗಳದಲ್ಲೂ ಒಬ್ಬರ ಮೇಲೊಬ್ಬರಿಗೆ ಎಷ್ಟು ಕಾಳಜಿ! ದ್ವಾರಕನಾಥರ ಕಣ್ಣು ತುಂಬಿ ಬಂತು. ಇಬ್ಬರನ್ನೂ ಒಂದು ಮಾಡಿಯೇ ತೀರಬೇಕೆಂದುಕೊಂಡರು.

ಟೇಬಲ್ಲಿನ ಎರಡು ಕುರ್ಚಿಗಳನ್ನು ಬೇರೆಯವರು ಎಳೆದುಕೊಂಡು ಹೋದರು. ದ್ವಾರಕನಾಥರು ಗೋಡೆ ನೋಡುತ್ತ ಉಣ್ಣತೊಡಗಿದರು. ಮಧ್ಯಾಹ್ನ ಎಲ್ಲಿಂದಲೋ ಹಿಂದಿರುಗುವ ಚೋ ಮತ್ತು ತನಾಬೆಯರ ಮುಖದಲ್ಲಿ ಈಚೆಗೆ ಒಂದು ಕಳೆ ಇರುತ್ತಿತ್ತು. ಸಿಟ್ಟು ಮನುಷ್ಯನಿಗೆ ಹುಮ್ಮಸ್ಸು ಕೊಡುತ್ತದೇನೋ ಎಂದುಕೊಂಡರು ದ್ವಾರಕನಾಥರು.

ಆ ಶನಿವಾರ ಅರ್ಧ ದಿನದ ಕೆಲಸ. ಚೋ ರಸ್ತೆ ದಾಟುವುದು ಕಾಣಿಸಿತು. ಇವತ್ತು ಬಿಡಬಾರದೆಂದು ದ್ವಾರಕನಾಥರು ಡಬ್ಬಿ ಎತ್ತಿಕೊಂಡು ಹಿಂದೆಯೇ ನಡೆದರು. ಚೋ ಹತ್ತಿದ ಬಸ್ಸನ್ನೇ ಹತ್ತಿದರು, ಅವರಿಳಿದಲ್ಲೇ ಇಳಿದರು. ಎದುರಿಗೊಂದು ಹಾಕರ್ ಸೆಂಟರ್, ಸಾಲು ಸಾಲು ಊಟದ ಅಂಗಡಿಗಳು. ಒಳಗೆ ಕಾಲಿಟ್ಟವರು ಅಲ್ಲೇ ನಿಂತರು. ಮೂಲೆಯ ಟೇಬಲ್ಲಿನಲ್ಲಿ ತನಾಬೆ ಕೂತಿದ್ದರು, ಚೋ ನೇರ ಅವರತ್ತಲೇ ಹೋಗುತ್ತಿದ್ದರು. ಇನ್ನು ಕೈ ಕೈ ಮಿಲಾಯಿಸುತ್ತಾರೆ! ದ್ವಾರಕನಾಥರು ಜನರ ನಡುವೆ ನುಗ್ಗಿದರು.

ಚೋ ಕೂತರು. ತನಾಬೆ ಅವರ ಲೋಟಕ್ಕೆ ಬಿಯರ್ ಸುರಿದರು. ಇಬ್ಬರ ನಡುವೆ ಇಡೀ ಮೀನೊಂದು ಹಬೆಯಾಡುತ್ತಿತ್ತು. ಏನೋ ಮಾತಿಗೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ರಾಜಿಯಾಗಿದ್ದರು! ದ್ವಾರಕನಾಥರು ಕಂಬಕ್ಕೊರಗಿ ಸುಧಾರಿಸಿಕೊಂಡರು. ಅಲ್ಲಿ ಟೋಕಿಯೋ, ಸಿಯೋಲ್ ಏನಾದರೂ ಮಾಡಿಕೊಳ್ಳಲಿ, ತಮ್ಮ ಟೇಬಲ್ ತಮಗೆ ವಾಪಸ್ಸು ಬಂತು. ಸೋಮವಾರ ಬಿಸಿಬೇಳೆಬಾತ್ ಮಾಡಬೇಕು, ಮೇಲೆ ತುಪ್ಪ ಧಾರಾಳ. ಕರೆಯಲೆಂದು ಅವರು ಬಾಯಿ ತೆರೆಯುವಷ್ಟರಲ್ಲಿ ತನಾಬೆಯ ಮುಖ ಚಿಕ್ಕದಾಯಿತು.

“ಎರಡೂ ಸರ್ಕಾರದವರು ಮಾತುಕತೆಗೆ ಕೂರ್ತಾರಂತೆ, ಚೋ.”

ಚೋ ಚಾಪ್‌ಸ್ಟಿಕ್ ಕೆಳಗಿಟ್ಟರು. “ಅಯ್ಯೋ, ಅವರು ರಾಜಿಯಾಗಿಬಿಟ್ರೆ ಆ ಡಬ್ಬಿಯಿಂದ ತಪ್ಪಿಸ್ಕೊಳ್ಳೋಕೆ ದ್ವಾರಕನಿಗೆ ಇನ್ನೇನು ನೆಪ ಹೇಳೋಣ?”