ಮೂಲೆಯ ಮೇಜು

ಥಾಲಿ ಊಟದ ಹೋಟೆಲಿನ ಮುಂದೆ ಸರದಿ ಬೀದಿಯ ತಿರುವಿನವರೆಗೂ ಬೆಳೆದಿತ್ತು. ಜವೇರ್‌ಬೆನ್ ಕಟ್ಟಡಗಳ ಸಂದಿಯಲ್ಲಿ ಸೂರ್ಯನನ್ನು ನೋಡಿದರು. ಜೈನರ ಮನೆಯ ಹೆಂಗಸು, ಈರುಳ್ಳಿ ಗೆಡ್ಡೆ ತಿನ್ನುವವರಲ್ಲ, ಹೊತ್ತು ಮುಳುಗಿದ ಮೇಲೆ ನೀರೂ ಮುಟ್ಟುವವರಲ್ಲ. ಇನ್ನು ಅರ್ಧ ತಾಸು ಉಳಿದಿದ್ದರೆ ಹೆಚ್ಚು.

ಆರು ವರ್ಷದ ಹಿಂದೆ ಮಗ ಕೇತನ ಹೊರಗಿನಿಂದ ಮೊಟ್ಟೆಯ ಪೊಟ್ಟಣ ತಂದು ಮನೆಯಲ್ಲಿ ತಿಂದನೆಂದು ಅವರ ಗಂಡ ವಸನ್‌ಜಿಭಾಯಿ ತಟ್ಟೆಯನ್ನು ಮೂರನೇ ಮಹಡಿಯಿಂದ ಕೆಳಗೆಸೆದು, ಅವನಿಗೆ ಬಾಗಿಲು ತೋರಿಸಿದ್ದರು. ಆ ತಟ್ಟೆ ಬಿದ್ದ ಸದ್ದು ಚಾಳಿನ ನೆರೆಮನೆಯವರಿಗೆ ಇನ್ನೂ ನೆನಪಿದೆ. ತಿಂಗಳುಗಟ್ಟಲೆ ಹೇಳಿ ಹೇಳಿ ಜವೇರ್‌ಬೆನ್ ಈಗ ಗಂಡನನ್ನು ಒಪ್ಪಿಸಿದ್ದರು. ಹೊರಗೆ ಮಗ ಸೊಸೆ ಸೇರಿ ನಾಲ್ವರೂ ಒಟ್ಟಿಗೆ ಕೂತು ಉಣ್ಣುವುದು, ಏಳುವಾಗ ಮಗನಿಗೆ "ಮನೆಗೆ ಬಾ" ಎನ್ನುವುದು. ಅಷ್ಟೇ ಮಾತು.

"ಎಲ್ಲಿಗೆ ಹೋಗೋಣ ಬಾಪುಜಿ? ನೀವೇ ಹೇಳಿ," ಎಂದ ಕೇತನ.

ವಸನ್‌ಜಿಭಾಯಿ ಸರದಿಯ ಉದ್ದ ನೋಡಿದರು. ಸೊಸೆ ಹೇತಲ್ ದೋಸೆ ಹೋಟೆಲೆಂದಳು. ಅಲ್ಲಿ ಈರುಳ್ಳಿ ಇಲ್ಲದ ಸಾಂಬಾರಿಲ್ಲ. ಕೇತನ ಚೌಪಾಟಿಯ ಕಡಲದಂಡೆ ಎಂದ. ಅಲ್ಲಿ ಆಲೂಗಡ್ಡೆ ಇಲ್ಲದ ತಿಂಡಿಯಿಲ್ಲ. ಇಡೀ ಮುಂಬಯಿಯಲ್ಲಿ ನಮ್ಮಮ್ಮನಿಗೆ ಒಂದು ತುತ್ತಿಲ್ಲ ಎಂದು ಅವನು ನಕ್ಕ. ಅಮ್ಮನೂ ನಕ್ಕರು. ಕೊನೆಗೆ ಎದುರಿನ ಇರಾನಿ ಹೋಟೆಲನ್ನು ತೋರಿಸಿ, ಬನ್ನು ಬೆಣ್ಣೆ ಚಹಾ ಆದರೂ ಸಾಕು ಎಂದರು.

"ಅಲ್ಲಿ ಬೇಡ. ಮೊಟ್ಟೆ ನಾತ," ಎಂದರು ವಸನ್‌ಜಿಭಾಯಿ.

"ಮೊಟ್ಟೆ ಅವರ ಒಲೆ ಮೇಲಿರುತ್ತೆ, ನನ್ನ ಕಪ್ಪಲ್ಲಲ್ಲ." ಜವೇರ್‌ಬೆನ್ ದನಿ ತಗ್ಗಿಸಿದರು. "ಇವತ್ತೊಂದಿನ ಮೂಗು ಮುಚ್ಕೊಂಡು ಕೂತ್ಕೊಳ್ಳಿ. ಈಗ ಹಾಗೇ ಹೊರಟ್ರೆ ನೀವು ಮತ್ತೆ ಬಾಯಿ ಬಿಡಲ್ಲ, ನಂಗೊತ್ತು."

ಒಳಗೆ ನಾಲ್ಕೈದು ಮೇಜು ಖಾಲಿಯಿದ್ದವು. ಮುಂದೆ ನಡೆದಿದ್ದ ವಸನ್‌ಜಿಭಾಯಿ ಎಲ್ಲವನ್ನೂ ದಾಟಿ, ಕಂಬದ ಹಿಂದಿನ ಮೂಲೆಯ ಮೇಜಿಗೆ ಹೋಗಿ, ಬೀದಿಗೆ ಬೆನ್ನು ಮಾಡಿ ಕೂತರು. ಕಾಲು ತಾನಾಗಿ ಕರೆದೊಯ್ದಿತ್ತು. ಅದು ತಮ್ಮ ಎಂದಿನ ಮೇಜೆಂದು ಕೂತ ಮೇಲೆ ತಿಳಿಯಿತು. ಏಳಬೇಕೆನ್ನುವಷ್ಟರಲ್ಲಿ ಉಳಿದವರೂ ಬಂದು ಕೂತಾಗಿತ್ತು. ಕಂಬದ ಆಚೆಯಿಂದ ಅವರೊಬ್ಬರನ್ನೇ ಕಂಡ ಮುದುಕ ಮಾಣಿ ಹೈದರ್, ಅಡುಗೆಮನೆಯ ಕಿಂಡಿಗೆ ಎರಡು ಬೆರಳು ತೋರಿಸಿದ. ಅವರು ಬಂದು ಕೂತ ಪ್ರತಿ ಗುರುವಾರವೂ ಹಾಗೇ ತೋರಿಸುತ್ತಿದ್ದ, ಹದಿನಾಲ್ಕು ವರ್ಷದಿಂದ.

ಜವೇರ್‌ಬೆನ್ ಬಾಗಿಲಾಚೆಯ ಬಿಸಿಲು ನೋಡುತ್ತಿದ್ದರು. ಹೈದರ್ ಎರಡು ಮೊಟ್ಟೆಯ ಆಮ್ಲೆಟ್ಟಿನ ತಟ್ಟೆ ಹಿಡಿದು ಬಂದವನು ಸುತ್ತ ಕೂತವರನ್ನು ಕಂಡು ಹಾಗೇ ನಿಂತ. ಅವನ ಕಣ್ಣು ವಸನ್‌ಜಿಭಾಯಿಯ ಮೇಲೆ. ಅವರ ಕಣ್ಣು ಮೇಜಿನ ಗಾಜಿನ ಮೇಲೆ. ಕೇತನ ಇಬ್ಬರನ್ನೂ ನೋಡಿದ. ಅಪ್ಪನ ಕಿವಿ ಕೆಂಪಾಗಿತ್ತು.

"ಇಲ್ಲಿ ಕೊಡಿ ಚಾಚಾ," ಎಂದು ಕೈಚಾಚಿದ. "ಬರುವಾಗ ನಾನೇ ಹೇಳಿದ್ದು."

ಜವೇರ್‌ಬೆನ್ ತಿರುಗಿದರು. ತಟ್ಟೆಯನ್ನೂ ಮಗನನ್ನೂ ನೋಡಿದರು. ದನಿ ಏರಲಿಲ್ಲ.

"ಇವತ್ತೂನಾ? ಅವರೆದುರಿಗೇ? ಅವತ್ತು ಅವರು ಮಾಡಿದ್ದೇ ಸರಿ ಕಣೋ. ಆರು ವರ್ಷ ಸುಮ್ಮನೆ ಅವರನ್ನ ಬೈದೆ."

"ಅತ್ತೆ, ನಿಮ್ಮ ಮಗ ಅವತ್ತಿಂದ ಮೊಟ್ಟೆ ಮುಟ್ಟೇ ಇಲ್..." ಎನ್ನಹೊರಟ ಹೇತಲ್‌ಳನ್ನು ಕೇತನ ಮೊಣಕೈಯಿಂದ ತಡೆದ. ಒಂದು ಚೂರು ಮುರಿದು ಬಾಯಿಗಿಟ್ಟು, ನೀರು ಕುಡಿದು ನುಂಗಿದ. ಕಹಿ ಮಾತ್ರೆ ನುಂಗುವ ಹಾಗೆ.

ಇನ್ನು ಮಾತಾಡಬೇಕಾದವರು ವಸನ್‌ಜಿಭಾಯಿ ಒಬ್ಬರೇ. ಬಾಯಿ ತೆರೆದರು, ಬಂದದ್ದು ಬರೀ ಕೆಮ್ಮು. ಅಷ್ಟರಲ್ಲಿ ಬಂದ ಬನ್ನನ್ನು ಜವೇರ್‌ಬೆನ್ ಮುಟ್ಟಲಿಲ್ಲ. ಹೊರಗೆ ಹೊತ್ತು ಮುಳುಗಿತು.

ಹೈದರ್ ಮತ್ತೊಮ್ಮೆ ಬಂದ. ತರಲು ಮರೆತಿದ್ದ ಕರಿಮೆಣಸಿನ ಪುಡಿಯ ಡಬ್ಬಿಯನ್ನು, ಎಂದಿನ ರೂಢಿಯಂತೆ, ವಸನ್‌ಜಿಭಾಯಿಯ ಬಲಗೈ ಪಕ್ಕದಲ್ಲಿಟ್ಟು ಹೋದ.

ಅವರು ಅದನ್ನು ಮೆಲ್ಲಗೆ ಮಗನ ಕಡೆ ಸರಿಸಿದರು.