ಧ್ವನಿಯೂ ಬಂದ ದಿನ

ಶೇಷಗಿರಿರಾಯರ ಮನೆಯಲ್ಲಿ ಆ ಭಾನುವಾರ ಚರಿತ್ರಾರ್ಹ ಘಟನೆಯೊಂದು ನಡೆಯಿತು. ಬ್ಲೂ-ರೇ ಡಿಸ್ಕಿನಿಂದ ಕಂಪ್ಯೂಟರಿಗೆ ಕಾಪಿ ಮಾಡಿಕೊಂಡ ಸಿನಿಮಾವೊಂದು ಚಿತ್ರ, ಧ್ವನಿ ಎರಡರ ಸಮೇತ ಓಡತೊಡಗಿತು. ಇಷ್ಟು ದಿನ ಒಂದಿದ್ದರೆ ಇನ್ನೊಂದಿರುತ್ತಿರಲಿಲ್ಲ. ಹೆಂಡತಿಯ ಜೊತೆ ಕೂತು ಒಂದಾದರೂ ಸಿನಿಮಾ ಪೂರ್ತಿ ನೋಡಬೇಕೆಂಬ ರಾಯರ ಆಸೆ ಹಾಗೇ ಉಳಿದಿತ್ತು.

“ಬಾರೇ ಬೇಗ! ಕೊಲೆಗಾರ ಯಾರು ಅಂತ ಇವತ್ತು ಗೊತ್ತಾಗೇ ಹೋಗುತ್ತೆ!”

ಹೆಂಡತಿ ಅವರೆಕಾಳಿನ ಬಟ್ಟಲು ಹಿಡಿದು ಬಂದು ಸುಸ್ತಾಗಿ ಕೂತಳು. “ಆ ಡಾಕ್ಟರೇ ಕಣ್ರೀ.”

“ನಿಂಗೆ ಹೇಗೆ ಗೊತ್ತು?”

“ಕಾಪಿ ಆಯ್ತು, ಡಿಸ್ಕುಗಳನ್ನೆಲ್ಲಾ ಯಾರಿಗಾದ್ರೂ ಕೊಟ್ಬಿಡು ಅಂದ್ರಲ್ಲ? ಎದುರುಮನೆ ಅಂಬುಜಕ್ಕಂಗೆ ಕೊಟ್ಟೆ. ಅವರ ಮನೇಲಿ ಪ್ಲೇಯರಿಗೆ ಹಾಕಿದ್ರೆ ಸಾಕು, ಓಡುತ್ತೆ. ದಿನಾ ಮಧ್ಯಾಹ್ನ ಕೂತು ಎಲ್ಲಾ ನೋಡಿ ಮುಗಿಸಿದ್ವಿ.”

ಉಳಿದ ಸಿನಿಮಾವನ್ನು ರಾಯರು ಒಬ್ಬರೇ ನೋಡಿದರು. ಕೊಂದವನು ಡಾಕ್ಟರೇ.