ಬೀಜದ ಬುಟ್ಟಿ

"ಅವ್ವಾ, ಅದು ಬೀಜದ ಜ್ವಾಳ!" ಮಗಳು ಶಿಲ್ಪಾರಾಣಿ ಏದುಸಿರು ಬಿಡುತ್ತ ಗಿರಣಿಗೆ ಓಡಿ ಬರುವಷ್ಟರಲ್ಲಿ ಈಶಮ್ಮ ಬುಟ್ಟಿಯನ್ನೆಲ್ಲ ಸುರಿದಾಗಿತ್ತು. ಕೆಳಗೆ ಬಿಸಿ ಹಿಟ್ಟು ಬೀಳುತ್ತಿತ್ತು.

ಈಶಮ್ಮನ ಮೈಯೆಲ್ಲ ಉರಿದುಹೋಯಿತು. ಬೂದಿ, ಬೇವಿನೆಲೆ ಬೆರೆಸಿ ವರ್ಷವಿಡೀ ಕಾಪಾಡಿದ ಬೀಜವದು. ಬಿತ್ತನೆಗೆಂದು ನಿನ್ನೆ ಅದನ್ನು ಹಸನು ಮಾಡಿಟ್ಟವಳು ಮಗಳೇ. ಅದಕ್ಕೇ ಹೊರಡುವಾಗ, "ಎರಡು ಬುಟ್ಟ್ಯಾಗ ಉಣ್ಣೋ ಜ್ವಾಳ ಯಾವ್ದು?" ಎಂದು ಇವಳನ್ನೇ ಕೇಳಿದ್ದಳು. ಹುಡುಗಿ ಎಂದಿನಂತೆ ಮೈಮರೆತು ಸೂರು ನೋಡುತ್ತ ನಿಂತಿದ್ದಳು. ಈಶಮ್ಮ ರೇಗಿ, ಕೈಗೆ ಸಿಕ್ಕ ಬುಟ್ಟಿ ಹೊತ್ತು ಬಂದಿದ್ದಳು.

"ಕೇಳಿದಾಗ ಬಾಯಾಗ ಏನ್ ಇಟ್ಕೊಂಡಿದ್ದಿ?" ಎನ್ನುತ್ತ ಹೊಡೆಯಲು ಕೈಯೆತ್ತಿದಳು.

ಮಗಳು ಬಹಳ ಹೊತ್ತು ಹಿಟ್ಟನ್ನೇ ನೋಡಿದಳು. "ನಾ ಹೇಳ್ದೆ ಅವ್ವಾ," ಎಂದಳು ಕೊನೆಗೆ. "ಅಷ್ಟೊತ್ತಿಗೆ ಮನ್ಯಾಗ ಯಾರೂ ಇದ್ದಿಲ್ಲ."